ತೊರೆಯ ಬೆಕ್ಕುಮೀನು ಗುರುತಿಸಲು ಅಕ್ರಿಲಿಕ್ ಫೋಟೋ ಟ್ಯಾಂಕ್: ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ

ರಭಸದ ತೊರೆಯಲ್ಲಿ ಸಿಗುವ ಬೆರಳುದ್ದದ ಬೆಕ್ಕುಮೀನನ್ನು ಮೇಲಿನಿಂದ ನೋಡಿ ಜಾತಿ ಹೇಳುವುದು ಬರೀ ಊಹೆ. ಮುಖ್ಯ ಗುರುತು ಇರುವುದು ಹೊಟ್ಟೆಯ ಕಡೆ. ಅದಕ್ಕೇ, ನೀರು ತುಂಬಿ ಮೀನು ಬಿಟ್ಟು ಚಿತ್ರ ತೆಗೆಯುವ ಈ ಕಿರಿದಾದ ಪಾರದರ್ಶಕ ಪೆಟ್ಟಿಗೆಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಗ್ಲಿಪ್ಟೊಥೊರಾಕ್ಸ್ ಕುಲದ ಬೆಕ್ಕುಮೀನಾದರೆ ಅದೇ ಬಂದು ಗೋಡೆಗೆ ಎದೆ ಅಂಟಿಸಿಕೊಳ್ಳುತ್ತದೆ; ಎದೆಯ ಮೇಲೆ ಉದ್ದುದ್ದಕ್ಕೆ, ಸ್ವಲ್ಪ ಓರೆಯಾಗಿ ಸಾಗುವ ಚರ್ಮದ ನೆರಿಗೆಗಳು ಎದುರಿಗೇ ಕಾಣುತ್ತವೆ. ನೆರಿಗೆ ಏಣಿಯ ಮೆಟ್ಟಿಲಿನಂತೆ ಅಡ್ಡಡ್ಡ ಇದ್ದರೆ ಸ್ಯೂಡೆಕೆನೈಸ್ ಕುಲದ್ದು. ನೆರಿಗೆಯೇ ಇಲ್ಲದೆ, ಬೆನ್ನಿನ ಈಜುರೆಕ್ಕೆ ದಪ್ಪ ಚರ್ಮದಲ್ಲಿ ಹುದುಗಿದ್ದರೆ ಆಂಬ್ಲಿಸೆಪ್ಸ್ ಕುಲದ್ದಿರಬಹುದು. ಆದರೆ ಗೋಡೆಗೆ ಒತ್ತಿಕೊಂಡಾಗ ನೆರಿಗೆ ಚಪ್ಪಟೆಯಾಗಿ, ನೆರಿಗೆಗಳ ನಡುವಿನ ಗುಳಿಯ ಅಂಚು ಮಸುಕಾಗುತ್ತದೆ. ಗ್ಲಿಪ್ಟೊಥೊರಾಕ್ಸ್‌ನ ಜಾತಿಗಳನ್ನು ಬೇರ್ಪಡಿಸಲು ಆ ಗುಳಿ ಇದೆಯೋ ಇಲ್ಲವೋ ಎಂಬುದು ಮುಖ್ಯ, ಹಾಗಾಗಿ ಮೀನು ಗೋಡೆ ಬಿಟ್ಟ ಕ್ಷಣದ ಚಿತ್ರವೂ ಬೇಕು.

ದೊಡ್ಡ ದೋಷ ಅಳತೆಪಟ್ಟಿಯದು. ಹೊರಗೋಡೆಗೆ ಅಂಟಿಸಿರುವುದರಿಂದ ಅದು ಕ್ಯಾಮೆರಾಕ್ಕೆ ಮೀನಿಗಿಂತ ಹತ್ತಿರ. ಹಾಗಾಗಿ ಮೀನಿನ ಅಳತೆ ಇರುವುದಕ್ಕಿಂತ ಚಿಕ್ಕದಾಗಿ ಬರುತ್ತದೆ. ಒಳಗೆ, ಮೀನಿನ ಪಕ್ಕದಲ್ಲೇ ಪ್ಲಾಸ್ಟಿಕ್ ಪಟ್ಟಿ ಇಳಿಸಿ.

ತೊರೆಯ ನೀರನ್ನೇ ತುಂಬಿ, ಗೋಡೆಗೆ ಹತ್ತಿದ ಗುಳ್ಳೆಗಳನ್ನು ಮೆತ್ತನೆಯ ಬ್ರಷ್‌ನಿಂದ ಸವರಿ ತೆಗೆದ ಮೇಲೆಯೇ ಮೀನು ಬಿಡಿ. ಬೆಳಕು ಪಕ್ಕದಿಂದ ಬರಲಿ, ಎದುರಿನ ಫ್ಲ್ಯಾಶ್ ನೆರಿಗೆಯ ನೆರಳನ್ನೇ ನುಂಗುತ್ತದೆ. ಬಲೆಯಿಂದ ಎಳೆಯಬೇಡಿ: ಎದೆರೆಕ್ಕೆಯ ಗರಗಸದಂಥ ಮುಳ್ಳು ಬಲೆಯ ಕಣ್ಣಿಗೆ ಸಿಕ್ಕಿ ಮುರಿಯುತ್ತದೆ, ಮುರಿದರೆ ಮುಳ್ಳಿನ ಹಲ್ಲು ಎಣಿಸುವ ದಾರಿಯೂ ಹೋಯಿತು. ಇಷ್ಟು ಸ್ವಲ್ಪ ನೀರು ಬಿಸಿಲಲ್ಲಿ ಬೇಗ ಕಾಯುತ್ತದೆ. ಎರಡು ನಿಮಿಷದೊಳಗೆ ಮೀನನ್ನು ಹರಿವಿಗೆ ಮರಳಿಸಿ. ಒರೆಸಲು ಒರಟು ಬಟ್ಟೆ ಬೇಡವೇ ಬೇಡ, ಅಕ್ರಿಲಿಕ್ ಗೀರು ಬಿದ್ದರೆ ಮುಗಿಯಿತು.