ಕೂಪನ್ ಕೋಡೋ, ಕಾರ್ಡ್ ರಿಯಾಯಿತಿಯೋ?

ಆನ್‌ಲೈನ್ ಖರೀದಿಯಲ್ಲಿ ಸಾಮಾನ್ಯವಾಗಿ ಒಂದು ಆರ್ಡರಿಗೆ ಒಂದೇ ಕೂಪನ್ ಕೋಡ್ ನಡೆಯುತ್ತದೆ. ಅದರ ಜೊತೆಗೆ ಬ್ಯಾಂಕ್ ಕಾರ್ಡಿನ ರಿಯಾಯಿತಿ ಪಡೆಯಲು ಹಲವು ತಾಣಗಳಲ್ಲಿ ಅವಕಾಶವಿದೆ. 5,000 ರೂಪಾಯಿಯ ಮಿಕ್ಸರಿಗೆ 500 ರೂಪಾಯಿಯ ಕೂಪನ್ ಹಾಕಿದರೆ ಬಿಲ್ 4,500. ಅದರಲ್ಲಿ ಕಾರ್ಡಿನ ಶೇ 10 ಕಳೆದರೆ 4,050. ಎರಡೂ ಸಿಗುವುದಾದರೆ ಯೋಚಿಸುವುದೇ ಬೇಡ.

ತೊಡಕಿರುವುದು ಷರತ್ತಿನಲ್ಲಿ. ಕಾರ್ಡಿನ ರಿಯಾಯಿತಿಗೆ ಕನಿಷ್ಠ 5,000 ರೂಪಾಯಿ ಪಾವತಿಸಬೇಕೆಂದಿದ್ದರೆ, ಕೂಪನ್ ಹಾಕಿದ ಕೂಡಲೇ ಅದು ಕೈತಪ್ಪುತ್ತದೆ. ಆಗ ಯಾವುದನ್ನು ಆರಿಸಿದರೂ ಉಳಿತಾಯ 500 ರೂಪಾಯಿಯೇ. ಕೂಪನ್ನಿನ ಅವಧಿ ಇನ್ನೂ ಇದ್ದರೆ ಈಗ ಕಾರ್ಡ್ ಬಳಸಿ, ಕೂಪನ್ನನ್ನು ಮುಂದಿನ ಖರೀದಿಗೆ ಉಳಿಸಿಕೊಳ್ಳಿ ಎಂಬುದು ನನ್ನ ಸಲಹೆ.

ಕ್ಯಾಶ್‌ಬ್ಯಾಕ್ ಹಣ ತಡವಾಗಿ ಬರುತ್ತದೆ. ತಕ್ಷಣದ ಕಡಿತವೇ ಮೇಲು. ಇನ್ನು ‘ಬಡ್ಡಿರಹಿತ’ ಕಂತಿನಲ್ಲೂ ಬ್ಯಾಂಕ್ ಬಡ್ಡಿ ಹಾಕುತ್ತದೆ; ಸಾಮಾನ್ಯವಾಗಿ ಅಷ್ಟೇ ಮೊತ್ತ ರಿಯಾಯಿತಿಯಾಗಿ ಸಿಗುತ್ತದೆ, ಅಷ್ಟೆ. ಹಾಗಾಗಿ ಅದನ್ನು ಆರಿಸುವವರು, ಆ ಬಡ್ಡಿಯ ಭಾಗದ ಮೇಲೆ ಬ್ಯಾಂಕ್ ಹಾಕುವ ಶೇ 18 ಜಿಎಸ್‌ಟಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.