ವೀಲ್ ಬ್ಯಾಲೆನ್ಸಿಂಗ್: ಕ್ಲಿಪ್ ತೂಕವೋ, ಅಂಟಿಸುವ ತೂಕವೋ?

ಚಕ್ರ ನಡುಗದೆ ಸಮವಾಗಿ ತಿರುಗಲು ರಿಮ್‌ಗೆ ಹಾಕುವ ಸಣ್ಣ ತೂಕಗಳಲ್ಲಿ ಕ್ಲಿಪ್ ಹಾಕಿಸಲೋ, ಅಂಟಿಸುವುದು ಹಾಕಿಸಲೋ ಅಂತ ಕೇಳಿದಿರಲ್ವಾ, ಮೊದಲು ರಿಮ್ ನೋಡಿ. ಸ್ಟೀಲ್ ಆದರೆ ಜಾಸ್ತಿ ಯೋಚನೆ ಬೇಡ, ಅಂಚಿಗೆ ಬಡಿದು ಕೂರಿಸುವ ಕ್ಲಿಪ್ ಸಾಕು. ಅಗ್ಗ, ಬೇಗ ಮುಗಿಯುತ್ತದೆ, ಮಧ್ಯದಿಂದ ದೂರ ಇರುವುದರಿಂದ ಕಡಿಮೆ ಗ್ರಾಂನಲ್ಲೇ ಕೆಲಸ ಆಗುತ್ತದೆ.

ಅಲಾಯ್ (ಮಿಶ್ರಲೋಹದ) ರಿಮ್‌ಗೆ ಕ್ಲಿಪ್ ಗೀರು ಬೀಳಿಸಬಹುದು, ಕೆಲವು ಅಂಚಿಗೆ ಅದು ಕೂರುವುದೇ ಇಲ್ಲ. ಅಲ್ಲಿ ಒಳಮೈಗೆ ಅಂಟಿಸುವ ತೂಕವೇ ಚೆನ್ನ, ಹೊರಗೂ ಅಷ್ಟಾಗಿ ಕಾಣುವುದಿಲ್ಲ. ಆದರೆ ಅಂಟಿಸುವ ಜಾಗದಲ್ಲಿ ಬ್ರೇಕ್ ಧೂಳು, ನೀರು, ಎಣ್ಣೆ ಯಾವುದೂ ಇರಬಾರದು, ಇದ್ದರೆ ಕಿತ್ತು ಬೀಳುತ್ತದೆ, ಸ್ಟೀರಿಂಗ್ ಮತ್ತೆ ನಡುಗುತ್ತದೆ. ಕೆಸರು ದಾರಿಯಲ್ಲಿ ಓಡಿಸುವವರು ಆಗಾಗ ನೋಡಿಕೊಳ್ಳಿ.

ಇದೇ ಬ್ಯಾಲೆನ್ಸಿಂಗ್‌ಗೆ ಟೈರ್ ಒಳಗೆ ಹಾಕುವ ಸಣ್ಣ ಮಣಿಗಳು? ಲಾರಿಯಂಥ ದೊಡ್ಡ ಟೈರ್‌ಗೆ ಬಳಸುತ್ತಾರೆ. ವೇಗ ಬಂದ ಮೇಲಷ್ಟೇ ಕೆಲಸ ಮಾಡುವುದರಿಂದ ಕಾರಿಗೆ ನಾನಂತೂ ಹೇಳಲ್ಲ.

ಯಾವುದನ್ನೇ ಹಾಕಿಸಿ, ಹಳೇ ತೂಕ ತೆಗೆಸಿಯೇ ಚಕ್ರವನ್ನು ಬ್ಯಾಲೆನ್ಸಿಂಗ್ ಮಷೀನಿಗೆ ಹಾಕಿಸಿ.