ಮಗುವಿನ ಮೈ ಸುಮ್ಮಸುಮ್ಮನೆ ನೀಲಿಗಟ್ಟಿದಾಗ: ಲ್ಯಾಬ್‌ಗಳ ‘ಬ್ಲೀಡಿಂಗ್ ಪ್ರೊಫೈಲ್’ ಎಷ್ಟು ಉಪಯೋಗ?

ಮೊಬೈಲಿನಲ್ಲಿ ಬುಕ್ ಮಾಡಿದರೆ ಸಾಕು, ಬೆಳಿಗ್ಗೆ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗಿ ಸಂಜೆಯೊಳಗೆ ವಾಟ್ಸ್‌ಆ್ಯಪ್‌ಗೆ ವರದಿ ಕಳಿಸುತ್ತಾರೆ. ಹೀಗೆ ಮಾರಾಟವಾಗುವ ಪ್ಯಾಕೇಜ್‌ಗಳಲ್ಲಿ ‘ಬ್ಲೀಡಿಂಗ್ ಪ್ರೊಫೈಲ್’ ಕೂಡ ಒಂದು. ಅದರಲ್ಲಿ ಸಾಮಾನ್ಯವಾಗಿ ಇರುವುದು ಸಿಬಿಸಿ (ರಕ್ತಕಣಗಳ ಎಣಿಕೆ), ಬಿಟಿ-ಸಿಟಿ (ರಕ್ತ ನಿಲ್ಲುವ, ಹೆಪ್ಪುಗಟ್ಟುವ ಹೊತ್ತು), ಪಿಟಿ-ಐಎನ್‌ಆರ್ ಮತ್ತು ಎಪಿಟಿಟಿ (ರಕ್ತದ ದ್ರವಭಾಗ ಹೆಪ್ಪುಗಟ್ಟಲು ಎಷ್ಟು ಸೆಕೆಂಡು ಬೇಕೆಂದು ಲ್ಯಾಬಿನಲ್ಲಿ ಅಳೆಯುವ ಎರಡು ಪರೀಕ್ಷೆಗಳು). ಬಿದ್ದ ನೆನಪಿಲ್ಲದ ಮಗುವಿನ ಮೈಮೇಲೆ ನೀಲಿ ಕಲೆ ಕಂಡು ಗಾಬರಿಯಾದ ಅಪ್ಪ-ಅಮ್ಮ ಮೊದಲು ಹಿಡಿಯುವ ದಾರಿ ಇದೇ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಸಿಬಿಸಿಯ ಮಟ್ಟಿಗೆ ಈ ಸೇವೆ ಪರವಾಗಿಲ್ಲ. ಉಳಿದದ್ದನ್ನು ಮನೆಯಲ್ಲಿ ತೆಗೆಸಬೇಡಿ. ಎಲ್ಲವೂ ‘ನಾರ್ಮಲ್’ ಎಂದು ಬಂದರೂ ರಕ್ತಸ್ರಾವದ ಕಾಯಿಲೆ ಇಲ್ಲ ಎಂದು ತೀರ್ಮಾನಿಸಬೇಡಿ.

ಮೊದಲು, ಪರೀಕ್ಷೆ ಬೇಕೇ ಎಂಬ ಪ್ರಶ್ನೆ. ಓಡಾಡುವ ಮಗುವಿನ ಮೊಣಕಾಲು, ಕಣಕಾಲಿನ ಮುಂಭಾಗ, ಹಣೆಯ ಮೇಲೆ ನಾಲ್ಕಾರು ಕಲೆಗಳಿರುವುದು ಸಹಜ. ಇನ್ನೂ ಅಂಬೆಗಾಲಿಡದ ಕೂಸಿನ ಮೈಮೇಲೆ ಒಂದೇ ಒಂದು ಕಲೆ ಕಂಡರೂ ಅದಕ್ಕೆ ಕಾರಣ ಹುಡುಕಲೇಬೇಕು. ಹೊಟ್ಟೆ, ಬೆನ್ನು, ಕಿವಿ, ಕುತ್ತಿಗೆಯ ಮೇಲಿನ ಕಲೆ, ಮುಟ್ಟಿದರೆ ಗಂಟು ಸಿಗುವ ಕಲೆ, ಗಾಜಿನ ಲೋಟ ಒತ್ತಿದರೂ ಮಾಯವಾಗದ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು, ಇವನ್ನು ಕಡೆಗಣಿಸುವಂತಿಲ್ಲ. ನಮ್ಮ ಮಕ್ಕಳಲ್ಲಿ ಹುಟ್ಟಿನಿಂದಲೇ ಸೊಂಟ, ಪೃಷ್ಠದ ಮೇಲೆ ಇರುವ ಬೂದು-ನೀಲಿ ಮಚ್ಚೆ ಬೇರೆ. ಅದು ನಾಲ್ಕು ದಿನದಲ್ಲಿ ಹಸಿರು, ಹಳದಿ ಎಂದು ಬಣ್ಣ ಬದಲಿಸುವುದಿಲ್ಲ, ಅದಕ್ಕೆ ಯಾವ ಪರೀಕ್ಷೆಯೂ ಬೇಡ.

ಪ್ಯಾಕೇಜಿನಲ್ಲಿ ಅತ್ಯಂತ ದುರ್ಬಲವಾದದ್ದು ಬಿಟಿ-ಸಿಟಿ. ಬೆರಳು ಅಥವಾ ಕಿವಿಯ ಹಾಲೆ ಚುಚ್ಚಿ, ಅರ್ಧ ನಿಮಿಷಕ್ಕೊಮ್ಮೆ ಫಿಲ್ಟರ್ ಕಾಗದ ಒತ್ತಿ, ರಕ್ತ ನಿಲ್ಲಲು ಎಷ್ಟು ಹೊತ್ತು ಬೇಕೆಂದು ನೋಡುವುದು ಬಿಟಿ. ಕೂದಲೆಳೆಯಂಥ ಗಾಜಿನ ಕೊಳವೆಗೆ ರಕ್ತ ತುಂಬಿ, ಚೂರು ಚೂರು ಮುರಿಯುತ್ತಾ ಹೆಪ್ಪಿನ ಎಳೆ ಕಾಣುವವರೆಗೆ ಲೆಕ್ಕ ಹಾಕುವುದು ಸಿಟಿ. ಎಷ್ಟು ಆಳ ಚುಚ್ಚಿದರು, ಚರ್ಮ ತಣ್ಣಗಿತ್ತೇ, ಮಗು ಕೈ ಎಳೆದುಕೊಂಡಿತೇ ಎಂಬುದರ ಮೇಲೆ ಬಿಟಿ ಬದಲಾಗುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್ (ಫ್ಯಾಕ್ಟರ್) ಹುಟ್ಟಿನಿಂದಲೇ ಕಡಿಮೆಯಿರುವ ಹಿಮೋಫಿಲಿಯಾ ಕಾಯಿಲೆಯ ಹುಡುಗನಲ್ಲೂ ಬಿಟಿ ಸರಿಯಾಗಿಯೇ ಇರುತ್ತದೆ, ಸಿಟಿ ಹೆಚ್ಚಾಗುವುದು ಫ್ಯಾಕ್ಟರ್ ಬಹುತೇಕ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆಯಾದಾಗ ಮಾತ್ರ. ಸೌಮ್ಯ ಹಿಮೋಫಿಲಿಯಾ ಇರುವ ಮಗು ‘ಬಿಟಿ-ಸಿಟಿ ನಾರ್ಮಲ್’ ಚೀಟಿ ಹಿಡಿದು ಟಾನ್ಸಿಲ್ ಆಪರೇಷನ್‌ಗೆ ಹೋಗುವುದು ಇದರಿಂದಲೇ. ಇನ್ನೂ ಈ ಪರೀಕ್ಷೆಯನ್ನು ಬರೆಯುವ ವೈದ್ಯರಿಗೆ, ಮಾರುವ ಲ್ಯಾಬ್‌ಗಳಿಗೆ ನಮ್ಮ ಕಳಕಳಿಯ ಮನವಿ: ದಯವಿಟ್ಟು ನಿಲ್ಲಿಸಿ.

ಎಪಿಟಿಟಿ ಒಳ್ಳೆಯ ಪರೀಕ್ಷೆ, ಆದರೆ ಅದರ ಸತ್ಯವೆಲ್ಲ ನೀಲಿ ಮುಚ್ಚಳದ ಟ್ಯೂಬಿನಲ್ಲಿದೆ. ಒಳಗೆ 3.2 ಶೇಕಡಾ ಸೋಡಿಯಂ ಸಿಟ್ರೇಟ್ ದ್ರಾವಣ ಇರುತ್ತದೆ. 9 ಪಾಲು ರಕ್ತಕ್ಕೆ 1 ಪಾಲು ಸಿಟ್ರೇಟ್, ಅಂದರೆ 2 ಮಿ.ಲೀ. ಟ್ಯೂಬಿನ 0.2 ಮಿ.ಲೀ. ದ್ರಾವಣಕ್ಕೆ 1.8 ಮಿ.ಲೀ. ರಕ್ತ. ಟ್ಯೂಬಿನ ಮೇಲೆ ಗೆರೆ ಇರುತ್ತದೆ, ರಕ್ತ ಅಲ್ಲಿಗೆ ಮುಟ್ಟಬೇಕು. ಎರಡು ವರ್ಷದ ಮಗು ಒದ್ದಾಡುವಾಗ ಅರ್ಧ ಟ್ಯೂಬ್ ಸಿಕ್ಕಿದ್ದೇ ಪುಣ್ಯ ಎಂದು ತೆಗೆದುಕೊಂಡು ಹೋದರೆ ಸಿಟ್ರೇಟ್ ಹೆಚ್ಚಾಗಿ ಎಪಿಟಿಟಿ ಸುಳ್ಳೇ ಉದ್ದ ಬರುತ್ತದೆ. ಸೂಜಿಯನ್ನು ಚರ್ಮದೊಳಗೆ ಅತ್ತಿತ್ತ ಆಡಿಸಿ ತೆಗೆದ ರಕ್ತ ಟ್ಯೂಬಿನಲ್ಲೇ ಹೆಪ್ಪುಗಟ್ಟಲು ಶುರುವಾಗಿರುತ್ತದೆ. ಅಂಥ ಮಾದರಿಯಲ್ಲಿ ಪ್ಲೇಟ್‌ಲೆಟ್ ಮತ್ತು ಫೈಬ್ರಿನೋಜೆನ್ (ಹೆಪ್ಪಿನ ಎಳೆಯಾಗುವ ಪ್ರೋಟೀನ್) ಕೂಡ ಸುಳ್ಳೇ ಕಡಿಮೆ ಕಾಣುತ್ತವೆ. ನೀಲಿ ಟ್ಯೂಬ್ ಮೊದಲು, ಸಿಬಿಸಿಗೆ ಬಳಸುವ ನೇರಳೆ ಮುಚ್ಚಳದ ಇಡಿಟಿಎ (ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬ್ ಆಮೇಲೆ. ನೀಲಿ ಟ್ಯೂಬನ್ನು ತುಂಬಿದ ಮೇಲೆ ಮೂರ್ನಾಲ್ಕು ಸಲ ಮೆಲ್ಲಗೆ ತಲೆಕೆಳಗೆ ಮಾಡಬೇಕು, ಕುಲುಕಬಾರದು.

ಇಷ್ಟು ಸರಿಯಾದರೂ ದಾರಿಯಲ್ಲಿ ಕೆಡುತ್ತದೆ. ಎಪಿಟಿಟಿಯನ್ನು ರಕ್ತ ತೆಗೆದ 4 ಗಂಟೆಯೊಳಗೆ ಮಾಡಬೇಕು. ಆರು ಗಂಟೆಗೆ ಮೊದಲ ಮನೆಯಲ್ಲಿ ರಕ್ತ ತೆಗೆದ ಹುಡುಗ ಇನ್ನೂ ಏಳೆಂಟು ಮನೆ ಮುಗಿಸಿ, ಟ್ರಾಫಿಕ್ ದಾಟಿ, ಕಲೆಕ್ಷನ್ ಸೆಂಟರ್‌ಗೆ ಕೊಟ್ಟು, ಅಲ್ಲಿಂದ ಅದು ಮುಖ್ಯ ಲ್ಯಾಬ್ ಮುಟ್ಟುವಷ್ಟರಲ್ಲಿ ಆ ಹೊತ್ತು ಮೀರಿರುತ್ತದೆ. ಬ್ಯಾಗಿನಲ್ಲಿರುವ ಐಸ್ ಜೆಲ್ ಪ್ಯಾಕ್ ಇನ್ನೊಂದು ತೊಂದರೆ. ಬೇರೆ ಪರೀಕ್ಷೆಗಳಿಗೆ ತಂಪು ಒಳ್ಳೆಯದು, ಆದರೆ ಕಣಗಳನ್ನು ಬೇರ್ಪಡಿಸದ ಸಿಟ್ರೇಟ್ ರಕ್ತವನ್ನು ಐಸ್‌ನಲ್ಲಿಟ್ಟರೆ, ಪ್ಲೇಟ್‌ಲೆಟ್‌ಗಳನ್ನು ಗಾಯಕ್ಕೆ ಅಂಟಿಸುವ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಇಳಿಯುತ್ತದೆ. ಇಲ್ಲದ ಕಾಯಿಲೆಯ ಹಣೆಪಟ್ಟಿ ಮಗುವಿಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಈ ರಕ್ತವನ್ನು ಲ್ಯಾಬ್ ಇರುವ ಕಟ್ಟಡದಲ್ಲೇ ಕೊಡಿ. ತೆಗೆದ ಸಮಯವನ್ನು ಲೇಬಲ್ ಮೇಲೆ ಬರೆಯಿಸಿ. ಟ್ಯೂಬ್ ಗೆರೆ ಮುಟ್ಟದಿದ್ದರೆ ಮತ್ತೆ ತೆಗೆಯಲು ಹೇಳಲು ಸಂಕೋಚ ಬೇಡ.

ಎಪಿಟಿಟಿ ಉದ್ದ ಬಂದರೆ ತಕ್ಷಣ ಹಿಮೋಫಿಲಿಯಾ ಎಂದುಕೊಳ್ಳಬೇಡಿ. ಹೊಸ ಮಾದರಿಯಲ್ಲಿ ಮತ್ತೆ ಮಾಡಿಸಬೇಕು, ಆಗಲೂ ಉದ್ದವಿದ್ದರೆ ಮಿಕ್ಸಿಂಗ್ ಸ್ಟಡಿ (ಆರೋಗ್ಯವಂತರ ಪ್ಲಾಸ್ಮಾ ಬೆರೆಸಿ ಮತ್ತೆ ನೋಡುವುದು), ನಂತರ ಫ್ಯಾಕ್ಟರ್ 8 ಮತ್ತು 9. ವೈರಲ್ ಜ್ವರದ ನಂತರ ಮಕ್ಕಳಲ್ಲಿ ತಾತ್ಕಾಲಿಕವಾಗಿ ಹುಟ್ಟುವ ಲೂಪಸ್ ಆ್ಯಂಟಿಕೋಯಾಗ್ಯುಲಂಟ್ ಎಂಬ ಪ್ರತಿಕಾಯವಾಗಲಿ, ಫ್ಯಾಕ್ಟರ್ 12ರ ಕೊರತೆಯಾಗಲಿ ಎಪಿಟಿಟಿಯನ್ನು ಉದ್ದ ಮಾಡುತ್ತವೆ, ಆದರೆ ಸಾಮಾನ್ಯವಾಗಿ ರಕ್ತಸ್ರಾವ ತರುವುದಿಲ್ಲ. ಆರು ತಿಂಗಳೊಳಗಿನ ಕೂಸಿನಲ್ಲಿ ಎಪಿಟಿಟಿ ಸಹಜವಾಗಿಯೇ ಹೆಚ್ಚು. ವರದಿಯ ಪಕ್ಕದಲ್ಲಿ ಅಚ್ಚಾದ ಮಿತಿ ವಯಸ್ಕರದ್ದೇ ಎಂದು ಕೇಳಿ ನೋಡಿ. ಇನ್ನೊಂದು ಮಾತು, ಮನೆತನದಲ್ಲಿ ಯಾರಿಗೂ ಇಲ್ಲ ಎಂಬ ಕಾರಣಕ್ಕೆ ಹಿಮೋಫಿಲಿಯಾವನ್ನು ತಳ್ಳಿಹಾಕುವಂತಿಲ್ಲ. ಸುಮಾರು ಮೂರನೇ ಒಂದು ಭಾಗ ಮಕ್ಕಳಲ್ಲಿ ಅದು ಹೊಸದಾಗಿ ಹುಟ್ಟಿದ ಜೀನ್ ಬದಲಾವಣೆಯಿಂದ ಬರುತ್ತದೆ.

ಈಗ ಸಿಬಿಸಿ. ಇದಕ್ಕೆ ಮನೆ ಸೇವೆ ಸಾಕು, ಆದರೆ ಜೊತೆಗೆ ‘ಪೆರಿಫೆರಲ್ ಸ್ಮಿಯರ್’ (ಗಾಜಿನ ಸ್ಲೈಡ್ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು) ಎಂದು ಬರೆಸಲೇಬೇಕು. ಪ್ಲೇಟ್‌ಲೆಟ್ 1.5ರಿಂದ 4.5 ಲಕ್ಷ ಇರಬೇಕು. ಯಂತ್ರ 40 ಸಾವಿರ ಎಂದರೂ ಕೆಲವರ ರಕ್ತದಲ್ಲಿ ಇಡಿಟಿಎ ತಾಗಿ ಪ್ಲೇಟ್‌ಲೆಟ್‌ಗಳು ಗುಂಪುಗೂಡಿರುತ್ತವೆ ಅಷ್ಟೇ. ಸ್ಲೈಡ್ ನೋಡಿದರೆ ಗುಂಪು ಕಾಣುತ್ತದೆ. ಆಗ ಸಿಟ್ರೇಟ್ ಟ್ಯೂಬಿನಲ್ಲಿ ಎಣಿಸಿ, ದ್ರಾವಣದಿಂದ ತೆಳುವಾದದ್ದಕ್ಕೆ 1.1ರಿಂದ ಗುಣಿಸುತ್ತಾರೆ. ಬರ್ನಾರ್ಡ್-ಸೂಲಿಯೆ ಕಾಯಿಲೆಯಲ್ಲಿ ಪ್ಲೇಟ್‌ಲೆಟ್‌ಗಳು ಎಷ್ಟು ದಪ್ಪವೆಂದರೆ ಯಂತ್ರ ಅವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ನಿಜವಾಗಿಯೂ ಪ್ಲೇಟ್‌ಲೆಟ್ ಮಾತ್ರ ಕಡಿಮೆ, ಮಗು ಆಡಿಕೊಂಡಿದೆ, ಕೆಲವು ವಾರ ಹಿಂದೆ ನೆಗಡಿ-ಜ್ವರ ಬಂದಿತ್ತು ಎಂದಾದರೆ ಹೆಚ್ಚಾಗಿ ಅದು ಐಟಿಪಿ, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಪ್ಲೇಟ್‌ಲೆಟ್‌ಗಳನ್ನು ನಾಶಮಾಡುವ ಸ್ಥಿತಿ. ಎಣಿಕೆ 20 ಸಾವಿರಕ್ಕಿಂತ ಕೆಳಗಿಳಿದರೂ ಬಹುಪಾಲು ಮಕ್ಕಳು ಆರು ತಿಂಗಳೊಳಗೆ ತಾವಾಗಿಯೇ ಸರಿಹೋಗುತ್ತಾರೆ. ಮಳೆಗಾಲದಲ್ಲಿ ಜ್ವರವೂ ಇದ್ದರೆ ಡೆಂಗಿ ನೋಡಬೇಕು. ಹಿಮೋಗ್ಲೋಬಿನ್ ಕೂಡ ಇಳಿದಿದ್ದು, ಬಿಳಿ ರಕ್ತಕಣ ಏರುಪೇರಾಗಿದ್ದು, ಕಾಲುನೋವು, ಗಂಟು, ಹೊಟ್ಟೆಯುಬ್ಬರ ಇದ್ದರೆ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಅಲ್ಲವೆಂದು ಖಚಿತವಾಗಬೇಕು. ಅನುಭವಿ ಪೆಥಾಲಜಿಸ್ಟ್ ಸ್ಮಿಯರ್ ನೋಡುವ ಮೊದಲೇ ಪ್ಲೇಟ್‌ಲೆಟ್ ಏರಿಸಲೆಂದು ಸ್ಟೆರಾಯ್ಡ್ ಶುರು ಮಾಡಿದರೆ ಲ್ಯುಕೇಮಿಯಾದ ಗುರುತು ಮರೆಯಾಗುತ್ತದೆ, ಚಿಕಿತ್ಸೆ ಜಟಿಲವಾಗುತ್ತದೆ. ಆದ್ದರಿಂದ ಸ್ಮಿಯರ್ ವರದಿ ಕೈಗೆ ಬರುವವರೆಗೆ ‘ಪ್ಲೇಟ್‌ಲೆಟ್ ಏರಿಸುವ ಔಷಧಿ’ಗೆ ಅವಸರ ಬೇಡ.

ಪ್ಯಾಕೇಜ್ ಪೂರ್ತಿ ನಾರ್ಮಲ್, ಕಲೆ ಮಾತ್ರ ನಿಂತಿಲ್ಲ. ಇಂಥ ಸಂದರ್ಭದಲ್ಲಿ ಕೈತಪ್ಪುವ ಮುಖ್ಯ ಕಾಯಿಲೆ ಅನುವಂಶೀಯ ರಕ್ತಸ್ರಾವದ ಕಾಯಿಲೆಗಳಲ್ಲೇ ಅತಿ ಸಾಮಾನ್ಯವಾದ ವಾನ್ ವಿಲ್ಲೆಬ್ರಾಂಡ್. ಇದಕ್ಕೆ ಆ ಫ್ಯಾಕ್ಟರಿನ ಪ್ರಮಾಣ, ಅದರ ಕೆಲಸ, ಜೊತೆಗೆ ಫ್ಯಾಕ್ಟರ್ 8, ಮೂರನ್ನೂ ಅಳೆಯಬೇಕು. ಮಗು ಅತ್ತರೆ, ಜ್ವರವಿದ್ದರೆ ಮಟ್ಟ ಏರಿ ಸರಿಯಿದ್ದಂತೆ ಕಾಣುತ್ತದೆ. ಓ ಗುಂಪಿನವರಲ್ಲಿ ಹುಟ್ಟಿನಿಂದಲೇ ಕಡಿಮೆ. ಹಾಗಾಗಿ ಒಂದೇ ಸಲದ ವರದಿ ಸಾಲದು. ಗ್ಲಾನ್ಜ್‌ಮನ್ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಎಣಿಕೆ ಸರಿಯಿದ್ದರೂ ಅವು ಒಂದಕ್ಕೊಂದು ಅಂಟುವುದಿಲ್ಲ. ಫ್ಯಾಕ್ಟರ್ 13ರ ಕೊರತೆಯನ್ನು ಪಿಟಿ, ಎಪಿಟಿಟಿ ಎರಡೂ ಹಿಡಿಯುವುದಿಲ್ಲ. ಸೋದರಮಾವ, ಅತ್ತೆಮಗ ಎಂದು ಸಂಬಂಧದೊಳಗೇ ಮದುವೆಯಾಗುವ ನಮ್ಮ ಕಡೆ ಈ ಎರಡನ್ನೂ ‘ಅಪರೂಪ’ ಎಂದು ಬದಿಗಿಡಬಾರದು.

ಇವುಗಳಿಗೆ ಸುಳಿವು ಕೊಡುವುದು ದುಡ್ಡಿಲ್ಲದೆ ಸಿಗುವ ಮಾಹಿತಿ, ಪ್ಯಾಕೇಜಿನಲ್ಲಿ ಯಾರೂ ಕೇಳದ್ದು. ಹೊಕ್ಕುಳಬಳ್ಳಿ ಬಿದ್ದಾಗ ರಕ್ತ ಸುರಿಯಿತೇ? ಕಿವಿ ಚುಚ್ಚಿಸಿದ ದಿನ, ಸುನ್ನತಿ ಮಾಡಿಸಿದ ದಿನ, ಹಾಲುಹಲ್ಲು ಬಿದ್ದಾಗ ಎಷ್ಟು ಹೊತ್ತು ಒಸರಿತು? ಲಸಿಕೆ ಹಾಕಿದ ತೊಡೆ ಗಡ್ಡೆಕಟ್ಟಿತೇ? ಮೂಗಿನ ರಕ್ತ ಹತ್ತು ನಿಮಿಷ ಹಿಡಿದರೂ ನಿಲ್ಲದೇ? ತಾಯಿಗೆ ಮುಟ್ಟಿನ ಸ್ರಾವ ವಿಪರೀತವೇ, ತಾಯಿಯ ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಕೀಲು ಊದಿಕೊಳ್ಳುತ್ತಿತ್ತೇ? ಇವುಗಳಿಗೆ ಅಂಕ ಕೊಡುವ ಐಎಸ್‌ಟಿಎಚ್ (ರಕ್ತ ಹೆಪ್ಪುಗಟ್ಟುವಿಕೆ ತಜ್ಞರ ಅಂತಾರಾಷ್ಟ್ರೀಯ ಸಂಘ) ಪ್ರಶ್ನಾವಳಿಯಲ್ಲಿ ಮಕ್ಕಳಿಗೆ 3 ಅಥವಾ ಹೆಚ್ಚು ಬಂದರೆ ಮುಂದಿನ ಪರೀಕ್ಷೆ ಬೇಕು. ಪಿಟಿ ಮಾತ್ರ ಉದ್ದವಿದ್ದರೆ ಮನೆಯಲ್ಲಿಟ್ಟ ಇಲಿ ಪಾಷಾಣದ ಕೇಕ್ ನೆನಪಿಸಿಕೊಳ್ಳಿ, ಮಗು ತಿಂದಿರಬಹುದು. ಎಳೆಗೂಸಾದರೆ ಹುಟ್ಟಿದಾಗ ಕೊಡುವ 1 ಮಿ.ಗ್ರಾಂ ವಿಟಮಿನ್ ಕೆ ಚುಚ್ಚುಮದ್ದು ತಪ್ಪಿತ್ತೇ ಎಂದು ಡಿಸ್ಚಾರ್ಜ್ ಚೀಟಿ ನೋಡಿ. ರಕ್ತವೆಲ್ಲ ಸರಿಯಿದ್ದು ಕಾಲು, ಪೃಷ್ಠದ ಮೇಲೆ ಉಬ್ಬಿದ ಕೆಂಪು ಕಲೆ, ಹೊಟ್ಟೆನೋವು ಇದ್ದರೆ ಐಜಿಎ ವ್ಯಾಸ್ಕ್ಯುಲೈಟಿಸ್ (ಸಣ್ಣ ರಕ್ತನಾಳಗಳ ಉರಿಯೂತ) ಇರಬಹುದು, ಅದಕ್ಕೆ ಮೂತ್ರ ಪರೀಕ್ಷೆ ಬೇಕು. ಯಾರೋ ಹೊಡೆಯುತ್ತಿರಬಹುದು ಎಂಬ ಸಾಧ್ಯತೆಯನ್ನೂ ಹೇಳದೆ ಬಿಡಬಾರದು. ಮಕ್ಕಳ ಸಹಾಯವಾಣಿ 1098.

ಈ ಹಂತದ ಪರೀಕ್ಷೆಗಳಿಗೆ ಹೆಮಟಾಲಜಿ (ರಕ್ತರೋಗ) ವಿಭಾಗವಿರುವ ಬೋಧನಾ ಆಸ್ಪತ್ರೆಗೇ ಹೋಗಿ. ಬೆಂಗಳೂರಿನ ಸೇಂಟ್ ಜಾನ್ಸ್, ವೆಲ್ಲೂರಿನ ಸಿಎಂಸಿ ಎರಡೂ ನಮ್ಮವರು ಹೋಗಿಬರುವ ಜಾಗಗಳೇ. ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯಲ್ಲೂ ವಿಚಾರಿಸಬಹುದು. ಪ್ಲೇಟ್‌ಲೆಟ್‌ಗಳು ಅಂಟುತ್ತವೆಯೇ ಎಂದು ನೋಡುವ ಪ್ಲೇಟ್‌ಲೆಟ್ ಅಗ್ರಿಗೇಶನ್ ಪರೀಕ್ಷೆಗೆ ಮಗುವೇ ಬರಬೇಕು, ಅದಕ್ಕೆ ಮುಂಚಿನ ಹತ್ತು ದಿನ ಆಸ್ಪಿರಿನ್, ಐಬುಪ್ರೊಫೆನ್ ಕೊಟ್ಟಿರಬಾರದು. ಫೋನ್ ಮಾಡಿ ದಿನ ಗೊತ್ತುಮಾಡಿಕೊಂಡು ಹೋಗಿ.

ಕಾರಣ ಸಿಗುವವರೆಗೆ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಮೆಫೆನಾಮಿಕ್ ಆ್ಯಸಿಡ್ ಸಿರಪ್ ಬೇಡ, ತೊಡೆ-ಸೊಂಟಕ್ಕೆ ಇಂಜೆಕ್ಷನ್ ಬೇಡ. ತಲೆಗೆ ಪೆಟ್ಟು ಬಿದ್ದರೆ, ಮಗು ಮಂಕಾದರೆ, ವಾಂತಿ ಮಾಡಿದರೆ, ಮಲದಲ್ಲಿ ರಕ್ತ ಕಂಡರೆ ಅಥವಾ ಜ್ವರದ ಜೊತೆ ಕೆಂಪು ಚುಕ್ಕೆಗಳು ಹರಡುತ್ತಿದ್ದರೆ ಯಾವ ಲ್ಯಾಬ್ ಬುಕಿಂಗೂ ಮಾಡುತ್ತ ಕೂರಬೇಡಿ, ನೇರ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ‘ಮೈ ಬೇಗ ನೀಲಿಗಟ್ಟುತ್ತದೆ’ ಎಂಬುದನ್ನು ಅಲ್ಲಿ ಮೊದಲ ಮಾತಾಗಿ ಹೇಳಿ.